ಸೊಟ್ಟ ಬೀದಿಗಳ ನೇರ ಲೆಕ್ಕ

ಇಂಗ್ಲೆಂಡಿನ ಯಾರ್ಕ್ ಪಟ್ಟಣದ ಶ್ಯಾಂಬಲ್ಸ್ ಬೀದಿಯ ನಡುವೆ ನಿಂತು ಕತ್ತೆತ್ತಿದರೆ ಸಿಗುವುದು ಗೇಣಗಲದ ಆಕಾಶ. ಎರಡೂ ಬದಿಯ ಮರದ ಚೌಕಟ್ಟಿನ ಮನೆಗಳಲ್ಲಿ ಮೊದಲ ಮಹಡಿ ನೆಲಮಹಡಿಗಿಂತ ಮುಂದಕ್ಕೆ ಚಾಚಿದೆ, ಎರಡನೆಯದು ಅದಕ್ಕಿಂತಲೂ ಮುಂದಕ್ಕೆ. ಮೇಲೆ ಹೋದಂತೆ ಎದುರುಬದುರು ಮನೆಗಳು ಎಷ್ಟು ಹತ್ತಿರ ಬರುತ್ತವೆಂದರೆ, ಎರಡು ಕಿಟಕಿಗಳಿಂದ ಇಬ್ಬರು ಬಾಗಿದರೆ ಕೈಗೆ ಕೈ ಸಿಕ್ಕೀತು. ತೊಲೆ ಬಾಗಿದೆ, ಗೋಡೆ ವಾಲಿದೆ, ಕಿಟಕಿ ಓರೆಯಾಗಿದೆ. ಬೀದಿಯುದ್ದಕ್ಕೂ ಹುಡುಕಿದರೂ ನೆಟ್ಟಗಿನ ಗೆರೆ ಒಂದೂ ಸಿಗಲಿಲ್ಲ. ಇವುಗಳಲ್ಲಿ ಬಹಳಷ್ಟು ಮನೆಗಳು 14 ಮತ್ತು 15ನೇ ಶತಮಾನದವು. ಈಗ ಬಿದ್ದೇವು, ಆಗ ಬಿದ್ದೇವು ಎನ್ನುತ್ತಲೇ ಇಷ್ಟು ಕಾಲ ನಿಂತಿವೆ.

"ಮಾವ, ಸ್ವಲ್ಪ ಬಾಯಿ ಮುಚ್ಚಿಕೊಳ್ಳಿ, ಫೋಟೋ ತೆಗೀತಿದ್ದೀನಿ" ಎಂದಳು ಸೊಸೆ, ನನ್ನ ತಂಗಿಯ ಮಗಳು. ಅವಳು ಪಕ್ಕದ ಲೀಡ್ಸ್‌ನಲ್ಲಿ ಕೆಲಸ ಮಾಡುತ್ತಾಳೆ. ಲಂಡನ್ನಿನ ಗೋಪುರ, ಸೇತುವೆ, ಅರಮನೆಗಳನ್ನೆಲ್ಲ ನೋಡಿ ಕಾಲು ಸೋತಿದ್ದ ನನ್ನನ್ನು "ಇನ್ನು ಊರುಗಳನ್ನು ನೋಡಿ" ಎಂದು ಎಳೆದು ತಂದವಳು ಅವಳೇ.

ಈ ಬೀದಿ ಇಷ್ಟು ಇಕ್ಕಟ್ಟಾಗಿರುವುದೇಕೆ? ಇದು ಕಸಾಯಿಗಳ ಬೀದಿಯಾಗಿತ್ತು. 1086ರ ಡೂಮ್ಸ್‌ಡೇ ದಾಖಲೆಯಲ್ಲೇ ಇಲ್ಲಿನ ಮಾಂಸದ ಅಂಗಡಿಗಳ ಉಲ್ಲೇಖವಿದೆ. ಮಾಂಸಕ್ಕೆ ಬಿಸಿಲು ತಾಗಬಾರದು. ಬೀದಿ ಕಿರಿದಾಗಿ, ಮೇಲಿನ ಮಹಡಿಗಳು ಸೂರಿನಂತೆ ಚಾಚಿಕೊಂಡರೆ ದಿನವಿಡೀ ನೆರಳು. ಚಾಚಿದ ಮಹಡಿಯಿಂದ ಕೆಳಗಿನ ಗೋಡೆಗೆ ಮಳೆ ಹೊಡೆಯುವುದಿಲ್ಲ, ಮೇಲೆ ಮನೆಯವರಿಗೆ ಜಾಗವೂ ಹೆಚ್ಚು ಸಿಗುತ್ತದೆ. ಅಂಗಡಿಗಳ ಮುಂದೆ ಇಂದಿಗೂ ಅಗಲವಾದ ಮರದ ಹಲಗೆಗಳಿವೆ. ಮಾಂಸದ ತುಂಡುಗಳನ್ನು ಹರಡುತ್ತಿದ್ದುದು ಅವುಗಳ ಮೇಲೆ. ಕೆಲವು ಅಂಗಡಿಗಳ ಹಣೆಯಲ್ಲಿ ಕಬ್ಬಿಣದ ಕೊಕ್ಕೆಗಳು ಉಳಿದಿವೆ. ಎರಡು ಬದಿಯ ಕಾಲುದಾರಿ ಎತ್ತರಕ್ಕಿದ್ದು ನಡುಬೀದಿ ತಗ್ಗಾಗಿರುವುದು ರಕ್ತ, ಹೊಲಸನ್ನೆಲ್ಲ ನೀರು ಸುರಿದು ತೊಳೆದು ಬಿಡಲಿಕ್ಕೆ. 1872ರಲ್ಲೂ ಇಲ್ಲಿ 25 ಮಾಂಸದ ಅಂಗಡಿಗಳಿದ್ದವಂತೆ. ಈಗ ಒಂದೂ ಇಲ್ಲ. ಚಾಕೊಲೇಟು, ಚಹಾ, ಮಂತ್ರದಂಡ ಮಾರುತ್ತಾರೆ. ಹ್ಯಾರಿ ಪಾಟರ್ ಸಿನಿಮಾದ ಒಂದು ದೃಶ್ಯವನ್ನೂ ಇಲ್ಲಿ ಚಿತ್ರೀಕರಿಸಿಲ್ಲ. ಆದರೂ ನಿಲುವಂಗಿ ತೊಟ್ಟ ಮಕ್ಕಳಿಂದ ಬೀದಿ ತುಂಬಿರುತ್ತದೆ.

ಸೊಟ್ಟಗೆ ಕಂಡದ್ದರ ಹಿಂದೆಲ್ಲ ಇಂಥದೊಂದು ನೇರವಾದ ಲೆಕ್ಕವಿದೆ ಎನ್ನುವುದು ಹೊಳೆದ ಮೇಲೆ ನನ್ನ ಪ್ರವಾಸದ ದಾರಿಯೇ ಬದಲಾಯಿತು. ಚೆಂದ ಎಂದು ಮುಂದೆ ಹೋಗಲು ಮನಸ್ಸಾಗುತ್ತಿರಲಿಲ್ಲ. ಯಾರ ಕೆಲಸಕ್ಕೆ ಹೀಗೆ ಕಟ್ಟಿದರು, ಯಾರು ದುಡ್ಡು ಕೊಟ್ಟರು, ಇದನ್ನು ಕೆಡವಲು ಯಾರಿಗೂ ಯಾಕೆ ಮನಸ್ಸಾಗಲಿಲ್ಲ ಎಂದು ಪ್ರತಿ ತಿರುವಿನಲ್ಲೂ ಕೇಳತೊಡಗಿದೆ. ಉತ್ತರ ಸಿಕ್ಕಷ್ಟೂ ಬೆರಗು ಹೆಚ್ಚುತ್ತಿತ್ತು.

ಶ್ಯಾಂಬಲ್ಸ್‌ನಲ್ಲೇ ಒಂದು ಮನೆಯೊಳಗೆ ಸಣ್ಣ ಪ್ರಾರ್ಥನಾ ಕೋಣೆಯಿದೆ. ಅದು ಮಾರ್ಗರೆಟ್ ಕ್ಲಿದರೋ ಎಂಬ ಕಸಾಯಿಯ ಹೆಂಡತಿಯ ನೆನಪಿನದು. ಒಂದನೇ ಎಲಿಜಬೆತ್ ರಾಣಿಯ ಕಾಲದಲ್ಲಿ ಕ್ಯಾಥೊಲಿಕ್ ಪಾದ್ರಿಗಳನ್ನು ಮನೆಯಲ್ಲಿ ಅಡಗಿಸಿಟ್ಟ ಆರೋಪ ಅವಳ ಮೇಲೆ ಬಂತು. ಆರೋಪಕ್ಕೆ ಉತ್ತರ ಕೊಡಲು ಅವಳು ಒಪ್ಪಲಿಲ್ಲ. ವಿಚಾರಣೆ ನಡೆದರೆ ತನ್ನ ಮಕ್ಕಳೇ ಸಾಕ್ಷಿ ಹೇಳಬೇಕಾಗುತ್ತದೆ ಎಂಬುದು ಅವಳ ಅಳುಕು ಎನ್ನುತ್ತಾರೆ. ಹಾಗೆ ಬಾಯಿ ಬಿಡದವರಿಗೆ ಇದ್ದ ಶಿಕ್ಷೆ, ಮೈಮೇಲೆ ಬಾಗಿಲ ಹಲಗೆಯಿಟ್ಟು ಅದರ ಮೇಲೆ ಕಲ್ಲು ಹೇರುವುದು. 1586ರ ಮಾರ್ಚ್‌ನಲ್ಲಿ ಅವಳು ಹಾಗೆ ಸತ್ತಳು. 1970ರಲ್ಲಿ ಪೋಪ್ ಅವಳನ್ನು ಸಂತಳೆಂದು ಘೋಷಿಸಿದರು. ಅವಳು ಬಾಳಿದ್ದು ಇದೇ ಮನೆಯಲ್ಲಲ್ಲ, ಎದುರು ಸಾಲಿನ ಮನೆಯಲ್ಲಿ ಎಂದು ಆಮೇಲೆ ಗೊತ್ತಾಯಿತಂತೆ. ಪ್ರಾರ್ಥನಾ ಕೋಣೆ ಮಾತ್ರ ಇದ್ದಲ್ಲೇ ಉಳಿದಿದೆ. ಹೊರಗೆ ಐಸ್‌ಕ್ರೀಂ ಹಿಡಿದ ಜನರ ಗದ್ದಲ, ಒಳಗೆ ನಾಲ್ಕು ಬೆಂಚು, ಉರಿಯುವ ಮೊಂಬತ್ತಿ.

ಯಾರ್ಕ್ ರೋಮನ್ನರು ಕ್ರಿ.ಶ. 71ರಲ್ಲಿ ಹಾಕಿದ ಕೋಟೆಯಿಂದ ಬೆಳೆದ ಊರು. 866ರಲ್ಲಿ ವೈಕಿಂಗರು ಬಂದು ಹಿಡಿದರು. ಊರನ್ನು ಬಳಸಿರುವ ಮಧ್ಯಯುಗದ ಕೋಟೆಗೋಡೆ ಮೂರು ಕಿಲೋಮೀಟರಿಗೂ ಹೆಚ್ಚು ಉದ್ದ ಉಳಿದಿದೆ; ಮೇಲೆ ನಡೆಯಲು ಟಿಕೆಟ್ಟಿಲ್ಲ. ಒಂದು ಬದಿಯಲ್ಲಿ ಹೆಂಚಿನ ಮಾಡುಗಳು, ಹಿತ್ತಿಲಲ್ಲಿ ಒಣಗುವ ಬಟ್ಟೆಗಳು. ಇನ್ನೊಂದು ಬದಿಯ ಹುಲ್ಲಿನ ಏರಿಯ ಮೇಲೆ ವಸಂತದಲ್ಲಿ ಹಳದಿ ಡ್ಯಾಫೊಡಿಲ್. ಮಿಕಲ್‌ಗೇಟ್ ಬಾಗಿಲ ಮೇಲೆ ರಾಜದ್ರೋಹಿಗಳ ತಲೆಗಳನ್ನು ಚುಚ್ಚಿ ನಿಲ್ಲಿಸುತ್ತಿದ್ದರು. 1460ರಲ್ಲಿ ಯಾರ್ಕಿನ ಡ್ಯೂಕ್ ರಿಚರ್ಡನ ತಲೆಗೆ ಕಾಗದದ ಕಿರೀಟ ತೊಡಿಸಿ ಅಲ್ಲಿಟ್ಟಿದ್ದರಂತೆ.

ಇಂಥ ಗೋಡೆಯನ್ನು ಊರಿನ ಆಡಳಿತವೇ ಕೆಡವಲು ಹೊರಟಿತ್ತು. 1800ರ ಸುಮಾರಿಗೆ ನಗರಸಭೆಗೆ ಇದು ಗಾಳಿ, ಗಾಡಿ ಎರಡನ್ನೂ ತಡೆಯುವ ದಂಡದ ಗೋಡೆಯಾಗಿ ಕಂಡಿತು. ಮೂರು ಹೆಬ್ಬಾಗಿಲುಗಳ ಮುಂಚಾಚಿದ ಕಾವಲು ಕಟ್ಟೆಗಳು ಉರುಳಿಯೂ ಹೋದವು. ವಾಮ್‌ಗೇಟ್ ಬಾಗಿಲಿನದು ಮಾತ್ರ ಉಳಿದಿದೆ. ಇಂಗ್ಲೆಂಡಿನ ಊರಬಾಗಿಲುಗಳಲ್ಲಿ ಅಂಥದ್ದು ಇನ್ನೊಂದಿಲ್ಲ. ಉಳಿದದ್ದನ್ನು ಕಾಪಾಡಬೇಕೆಂದು ದನಿಯೆತ್ತಿದವರಲ್ಲಿ ಇದೇ ಊರಿನ ಚಿತ್ರಕಾರ ವಿಲಿಯಂ ಎಟ್ಟಿಯೂ ಒಬ್ಬ. ಕಲಾ ಗ್ಯಾಲರಿಯ ಮುಂದೆ ಅವನ ಪ್ರತಿಮೆಯಿದೆ. ಕಾಲ ಬುಡದಲ್ಲಿ ಬೂಥಮ್ ಬಾಗಿಲಿನ ಪುಟ್ಟ ಮಾದರಿ ಕೆತ್ತಿದ್ದಾರೆ. ಅಸಲು ಬಾಗಿಲು ಎದುರಿಗೇ ನಿಂತಿದೆ.

ಯಾರ್ಕ್ ಮಿನ್‌ಸ್ಟರ್ ಎಂಬ ಮಹಾಮಂದಿರಕ್ಕೆ ಅರ್ಧ ದಿನ ಇಟ್ಟುಕೊಳ್ಳಬೇಕು. 1220ರ ಸುಮಾರಿಗೆ ಶುರುವಾದ ಕೆಲಸ ಮುಗಿದದ್ದು 1472ರಲ್ಲಿ. ಪೂರ್ವದ ಗೋಡೆಯಲ್ಲಿರುವ ಬಣ್ಣದ ಗಾಜಿನ ಕಿಟಕಿ ಒಂದು ಟೆನಿಸ್ ಅಂಕಣದಷ್ಟು ದೊಡ್ಡದು. ಕವೆಂಟ್ರಿಯ ಜಾನ್ ಥಾರ್ನ್‌ಟನ್ ಅದನ್ನು ಮೂರೇ ವರ್ಷದಲ್ಲಿ, 1405ರಿಂದ 1408ರೊಳಗೆ, ಮುಗಿಸಿಕೊಟ್ಟ. ಜಗತ್ತು ಹುಟ್ಟಿದ್ದು ಮೇಲೆ, ಜಗತ್ತು ಮುಗಿಯುವುದು ಕೆಳಗೆ. ಬೆಳಗಿನ ಸೂರ್ಯ ಹಿಂದಿನಿಂದ ಬಂದಾಗ ಕೆಂಪು ನೀಲಿ ಬೆಳಕು ನೆಲದ ಮೇಲೆ ಸರಿಯತೊಡಗುತ್ತದೆ. ಓದು ಬಾರದ ರೈತ ಹೆಂಗಸೊಬ್ಬಳು ಆ ಕಾಲದಲ್ಲಿ ಇಲ್ಲಿ ನಿಂತು ಏನು ಕಂಡಿರಬಹುದು ಎಂದುಕೊಂಡೆ. ನನಗೂ ಆ ಕತೆಗಳಲ್ಲಿ ಅರ್ಧಕ್ಕರ್ಧ ಗೊತ್ತಿರಲಿಲ್ಲ. ಕತ್ತು ನೋಯುವವರೆಗೆ ನೋಡಿದೆ.

1984ರ ಜುಲೈ 9ರ ನಸುಕಿನಲ್ಲಿ ಮಂದಿರದ ದಕ್ಷಿಣ ಭಾಗದ ಮಾಡು ಹೊತ್ತಿ ಉರಿಯಿತು. ಸಿಡಿಲೇ ಕಾರಣವಿರಬೇಕು ಎನ್ನುತ್ತಾರೆ. ಅಲ್ಲಿನ ಗುಲಾಬಿ ಕಿಟಕಿಯ ಗಾಜು ಬಿಸಿಗೆ ಸುಮಾರು 40,000 ಚೂರಾಗಿ ಬಿರಿಯಿತು, ಉದುರಲಿಲ್ಲ. ಗಾಜುಗಳನ್ನು ಹಿಡಿದಿಡುವ ಸೀಸದ ಪಟ್ಟಿಗಳನ್ನು ಅದಕ್ಕೆ ಕೆಲವು ವರ್ಷಗಳ ಮೊದಲಷ್ಟೇ ಹೊಸದಾಗಿ ಹಾಕಿದ್ದರು. ಮಾಡನ್ನು ಮತ್ತೆ ಕಟ್ಟುವಾಗ ಮರದ ಪಕ್ಕೆಗಳು ಕೂಡುವಲ್ಲಿ ಕೂರಿಸುವ ಕೆತ್ತನೆಗಳಲ್ಲಿ ಆರರ ವಿನ್ಯಾಸವನ್ನು ಬಿಬಿಸಿಯ ಬ್ಲೂ ಪೀಟರ್ ಕಾರ್ಯಕ್ರಮದ ಸ್ಪರ್ಧೆಯಲ್ಲಿ ಗೆದ್ದ ಮಕ್ಕಳಿಂದ ಪಡೆದರು. ಅವುಗಳಲ್ಲೊಂದು ಚಂದ್ರನ ಮೇಲೆ ಮನುಷ್ಯ ಕಾಲಿಟ್ಟದ್ದು. ಮಧ್ಯಯುಗದ ಮಂದಿರದ ಸೂರಿನಲ್ಲಿ ಗಗನಯಾತ್ರಿ! ನೆಲದಡಿಗೆ ಇಳಿದರೆ ಬೇರೊಂದು ಲೋಕ. ಕುಸಿಯುವ ಹಂತಕ್ಕೆ ಬಂದಿದ್ದ ನಡುಗೋಪುರಕ್ಕೆ 1967ರಿಂದ 1972ರವರೆಗೆ ಹೊಸ ಅಡಿಪಾಯ ಹಾಕುವಾಗ, ರೋಮನ್ ಸೇನೆಯ ಮುಖ್ಯ ಕಟ್ಟಡದ ಗೋಡೆಗಳೇ ಅಡಿಯಲ್ಲಿ ಸಿಕ್ಕವು. 306ರಲ್ಲಿ ಕಾನ್‌ಸ್ಟಂಟೈನನನ್ನು ಸೈನಿಕರು ಚಕ್ರವರ್ತಿಯೆಂದು ಘೋಷಿಸಿದ್ದು ಈ ಊರಿನಲ್ಲೇ.

ಯಾರ್ಕಿನಿಂದ ಪಶ್ಚಿಮಕ್ಕೆ, ವೇಲ್ಸ್ ಗಡಿಯ ಬಳಿಯ ಚೆಸ್ಟರ್‌ಗೆ ರೈಲಿನಲ್ಲಿ ಹೋದೆವು. ಅದೂ ರೋಮನ್ನರ ಊರು. ಇಪ್ಪತ್ತನೆಯ ಲೀಜನ್ ಎಂಬ ಸೇನಾದಳದ ಠಾಣ್ಯ. ಇದರ ಕೋಟೆಗೋಡೆ ಹೆಚ್ಚುಕಡಿಮೆ ಪೂರ್ತಿಯಾಗಿ ಉಳಿದಿದ್ದು, ಊರಿಗೆ ಒಂದು ಸುತ್ತು ಹಾಕಬಹುದು. ಪೂರ್ವ ಬಾಗಿಲ ಮೇಲೆ ವಿಕ್ಟೋರಿಯಾ ರಾಣಿಯ ಆಳ್ವಿಕೆಯ ವಜ್ರ ಮಹೋತ್ಸವದ ನೆನಪಿಗೆ 1899ರಲ್ಲಿ ನಿಲ್ಲಿಸಿದ ಗಡಿಯಾರವಿದೆ. ಅದರ ಮುಂದೆ ಸೆಲ್ಫಿಗೆ ಸರದಿ ನಿಲ್ಲಬೇಕು.

ಚೆಸ್ಟರಿನ ನಿಜವಾದ ಸೋಜಿಗ ಅಲ್ಲಿನ 'ರೋ'ಗಳು. ಊರ ನಡುವಿನ ನಾಲ್ಕು ಮುಖ್ಯ ಬೀದಿಗಳಲ್ಲಿ ಅಂಗಡಿಗಳು ಎರಡು ಸಾಲು. ಒಂದು ಸಾಲು ಬೀದಿಯ ಮಟ್ಟದಲ್ಲಿ. ಅದರ ಪಕ್ಕದ ಮೆಟ್ಟಿಲು ಹತ್ತಿದರೆ ಮೇಲೊಂದು ಮುಚ್ಚಿಗೆಯಿರುವ ಕಾಲುದಾರಿ, ಅದರ ಅಂಚಿಗೆ ಮತ್ತೊಂದು ಸಾಲು ಅಂಗಡಿ. ನಮ್ಮ ಹಳೆಯ ಮನೆಗಳ ಜಗಲಿಗಳೆಲ್ಲ ಒಂದಕ್ಕೊಂದು ಕೂಡಿಕೊಂಡು ಮೇಲ್ಮಹಡಿಗೆ ಏರಿ ಕುಳಿತಂತೆ. ಹೊರಗೆ ಧೋ ಎಂದು ಮಳೆ ಸುರಿಯುತ್ತಿದ್ದಾಗ, ಕೊಡೆ ಬಿಚ್ಚದೆ ಈ ತುದಿಯಿಂದ ಆ ತುದಿಗೆ ನಡೆದು, ಕೆಳಗೆ ನೆನೆಯುವವರನ್ನು ಕಟಾಂಜನಕ್ಕೆ ಒರಗಿ ನೋಡಿದೆವು.

ಇವು 13ನೇ ಶತಮಾನದಿಂದ ಇವೆ. ಮೊದಲು ಹೇಗೆ ಶುರುವಾದವು ಎನ್ನುವುದರ ಬಗ್ಗೆ ಪಂಡಿತರಲ್ಲಿ ಚರ್ಚೆಯಿದೆ. ರೋಮನ್ ಕಟ್ಟಡಗಳ ಅವಶೇಷದ ದಿಬ್ಬಗಳ ಮೇಲೆ ಮನೆ ಕಟ್ಟಿದ್ದರಿಂದ ಎರಡು ಮಟ್ಟ ಬಂತು ಎಂಬುದೊಂದು ವಾದ. 1278ರ ಬೆಂಕಿ ಅನಾಹುತದ ಬಳಿಕ ಕಲ್ಲಿನ ನೆಲಮಾಳಿಗೆಗಳನ್ನು ಕಟ್ಟಿದ್ದರಿಂದ ಎಂಬುದು ಇನ್ನೊಂದು. ದಾರಿಗೂ ಕಟಾಂಜನಕ್ಕೂ ನಡುವೆ ಇಳಿಜಾರಾದ ಹಲಗೆಯಿದೆ. ವ್ಯಾಪಾರಿಗಳು ಸಾಮಾನು ಹರಡಿಕೊಳ್ಳುತ್ತಿದ್ದುದು ಅಲ್ಲಿ. ಬ್ರಿಡ್ಜ್ ಸ್ಟ್ರೀಟಿನ ಒಂದು ಅಂಗಡಿಯ ನೆಲಮಾಳಿಗೆಯಲ್ಲಿ ರೋಮನ್ನರು ನೆಲದಡಿ ಬಿಸಿಗಾಳಿ ಹಾಯಿಸಲು ನಿಲ್ಲಿಸಿದ ಗಿಡ್ಡ ಕಲ್ಲುಕಂಬಗಳು ಹಾಗೇ ಇವೆ. ಬೀದಿಯ ಮೇಲೆ ಬೀದಿ, ಅದರಡಿಯಲ್ಲಿ ಇನ್ನೊಂದು ಊರು.

ಈ ದಾರಿಯ ನೆಲ ಮನೆಯವರದು, ನಡೆಯುವ ಹಕ್ಕು ಊರವರದು. ಆ ಹಕ್ಕು ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೂ ಇಲ್ಲೇ ಉದಾಹರಣೆಯಿದೆ. ಅಂತರ್ಯುದ್ಧದ ಕಾಲದಲ್ಲಿ, 1643ರಲ್ಲಿ, ಸರ್ ರಿಚರ್ಡ್ ಗ್ರೋವ್‌ನರ್ ಎಂಬ ಸಾಹುಕಾರ ಕೆಳ ಬ್ರಿಡ್ಜ್ ಸ್ಟ್ರೀಟಿನ ತನ್ನ ಮನೆಗೆ ಜಾಗ ಸಾಲದೆಂದು, ಮುಂದಿದ್ದ ರೋವನ್ನು ಒಳಗೆ ಸೇರಿಸಿಕೊಳ್ಳಲು ಅನುಮತಿ ಕೇಳಿ ಪಡೆದ. ಆಮೇಲೆ ಅಕ್ಕಪಕ್ಕದವರೂ ಅದನ್ನೇ ಮಾಡಿದರು, ಆ ಬೀದಿಯ ರೋ ಕಾಣೆಯಾಯಿತು. ಅವನ ಮನೆ ಈಗ ಫಾಲ್ಕನ್ ಎಂಬ ಪಬ್. ಹಿಂದೆ ಊರವರು ನಡೆಯುತ್ತಿದ್ದ ದಾರಿಯ ಗುರುತು ಅದರೊಳಗೆ ಉಳಿದಿದೆ. ಫುಟ್‌ಪಾತನ್ನು ಮನೆಯೊಳಗೆ ಸೇರಿಸಿಕೊಳ್ಳುವ ಕಲೆ ನಮ್ಮವರದಷ್ಟೇ ಅಲ್ಲ ಎಂದು ನಾನೂ ಸೊಸೆಯೂ ನಕ್ಕೆವು.

ಇನ್ನೊಂದು ಮಾತು. ಚೆಸ್ಟರಿನಲ್ಲಿ ಕಣ್ಣು ಕುಕ್ಕುವ ಕಪ್ಪು-ಬಿಳುಪು ಮನೆಗಳಲ್ಲಿ ಬಹಳಷ್ಟು ಮಧ್ಯಯುಗದವಲ್ಲ. 19ನೇ ಶತಮಾನದಲ್ಲಿ ಜಾನ್ ಡಗ್ಲಸ್, ಟಿ. ಎಂ. ಲಾಕ್‌ವುಡ್ ಮೊದಲಾದ ವಾಸ್ತುಶಿಲ್ಪಿಗಳು ಹಳೆಯ ಶೈಲಿಯನ್ನು ಮೆಚ್ಚಿ ಹೊಸದಾಗಿ ಕಟ್ಟಿದವು. ನಾಲ್ಕು ಬೀದಿ ಕೂಡುವಲ್ಲಿರುವ ಅತಿ ಚೆಂದದ ಮೂಲೆಮನೆ 1888ರದು. ಆದರೆ ಮುಖ ಹೊಸದಾದರೂ ಒಳಗಿನ ರೋವನ್ನು ಅವರು ಮುಚ್ಚಲಿಲ್ಲ. ದಾರಿ ಎಂದಿನಂತೆ ಹಾದುಹೋಗುತ್ತದೆ.

ಚೆಸ್ಟರ್ ಕ್ಯಾಸಲಿನ ಮುಂದೆ ಕಂಚಿನ ಕುದುರೆಯ ಮೇಲೊಬ್ಬ ಸೇನಾನಿ ಕುಳಿತಿದ್ದಾನೆ. ಹೆಸರು ವೈಕೌಂಟ್ ಕಾಂಬರ್‌ಮಿಯರ್. ಹುಟ್ಟುಹೆಸರು ಸ್ಟೇಪಲ್‌ಟನ್ ಕಾಟನ್. ಮರೊಕೆಟ್ಟಿ ಎಂಬ ಶಿಲ್ಪಿಯ ಕೆಲಸ. ಯಾರೋ ದೊರೆ ಎಂದು ದಾಟಿ ಹೋಗುತ್ತಿದ್ದೆ. ಸೊಸೆ ಫೋನಿನಲ್ಲಿ ನೋಡಿ, "ಮಾವ, ಇವನು ಮಳವಳ್ಳಿಗೆ ಬಂದಿದ್ದನಂತೆ!" ಎಂದಳು. ಹೌದು, ನಮ್ಮ ಮಂಡ್ಯ ಜಿಲ್ಲೆಯ ಮಳವಳ್ಳಿಯೇ. 1799ರ ಮಾರ್ಚ್ 27ರಂದು ಟಿಪ್ಪುವಿನ ಸೇನೆಗೂ ಇಂಗ್ಲಿಷರಿಗೂ ಅಲ್ಲಿ ನಡೆದ ಕಾಳಗದಲ್ಲಿ, ಆಮೇಲೆ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಇವನು ಕುದುರೆ ದಳದ ಅಧಿಕಾರಿಯಾಗಿದ್ದ. ಆಗ ವಯಸ್ಸು 25. ನಮ್ಮ ರಾಗಿ ಹೊಲಗಳ ಧೂಳು ಕಂಡ ಮನುಷ್ಯ ಇಲ್ಲಿ ಮಳೆಯಲ್ಲಿ ನೆನೆಯುತ್ತ ಕುಳಿತಿದ್ದಾನೆ. ಇಂಗ್ಲೆಂಡಿನ ಬೀದಿಗಳ ಲೆಕ್ಕದಲ್ಲಿ ನಮ್ಮ ಊರುಗಳ ಹೆಸರೂ ಹೀಗೆ ಎದುರಾಗುತ್ತದೆ.

ದೇಶದ ಇನ್ನೊಂದು ಅಂಚಿನ ಸಫಕ್ ಪ್ರಾಂತದ ಲ್ಯಾವೆನಮ್‌ಗೆ ರೈಲಿಲ್ಲ; ಹಳೆಯ ಹಳಿಯನ್ನೂ ಕಿತ್ತಿದ್ದಾರೆ. ಬಸ್ಸಿನಲ್ಲಿ ಹೊಲಗಳ ನಡುವೆ ಹೋಗಬೇಕು. ಇಳಿದ ಕೂಡಲೇ ಕಣ್ಣುಜ್ಜಿಕೊಳ್ಳಬೇಕಾಗುತ್ತದೆ. ಗುಲಾಬಿ, ಕೇಸರಿ, ಕೆನೆ ಬಣ್ಣದ ಮನೆಗಳು ಒಂದರ ಭುಜಕ್ಕೊಂದು ಒರಗಿವೆ. ಬಾಗಿಲಿನ ಚೌಕ ಒಂದು ಕಡೆಗೆ ವಾಲಿದರೆ, ಕಿಟಕಿಯದು ಇನ್ನೊಂದು ಕಡೆಗೆ. ಇವು ಓಕ್ ಮರವನ್ನು ಹಸಿಯಾಗಿರುವಾಗಲೇ ಕೊಯ್ದು ಜೋಡಿಸಿದ ಮನೆಗಳು. ಹಸಿ ಮರ ಕೆಲಸಕ್ಕೆ ಸುಲಭ. ಕೂರಿಸಿದ ಮೇಲೆ ವರ್ಷಗಟ್ಟಲೆ ಒಣಗುತ್ತ ತಿರುಚಿಕೊಳ್ಳುತ್ತದೆ, ಜೊತೆಗೆ ಕೀಲುಗಳೂ ಬಿಗಿಯಾಗುತ್ತವೆ. ಸೊಟ್ಟಾದಷ್ಟೂ ಗಟ್ಟಿ!

ಈ ಹಳ್ಳಿಯಂಥ ಊರು 1520ರ ದಶಕದಲ್ಲಿ ತೆರಿಗೆಯ ಲೆಕ್ಕದಲ್ಲಿ ಇಂಗ್ಲೆಂಡಿನ ಹದಿನಾಲ್ಕನೇ ಶ್ರೀಮಂತ ಪಟ್ಟಣವಾಗಿತ್ತು. ನೀಲಿ ಬಣ್ಣದ ದಪ್ಪ ಉಣ್ಣೆ ಬಟ್ಟೆ ಇಲ್ಲಿಂದ ದೇಶದೇಶಕ್ಕೆ ಹೋಗುತ್ತಿತ್ತು. ಬಟ್ಟೆ ವ್ಯಾಪಾರಿ ಥಾಮಸ್ ಸ್ಪ್ರಿಂಗ್‌ನ ಸಿರಿ ಎಷ್ಟಿತ್ತೆಂದರೆ, ಊರಿನ ಚರ್ಚಿನ 43 ಮೀಟರ್ ಗೋಪುರಕ್ಕೆ ಅವನ ಮನೆತನದ ಹಣ ಹರಿದಿದೆ. ಮಾರುಕಟ್ಟೆ ಚೌಕದಲ್ಲಿ ಆ ಕಾಲದ ವ್ಯಾಪಾರಿಗಳ ಸಂಘದ ಭವನ, ಬೂದುಬೆಳ್ಳಿ ಬಣ್ಣದ ತೊಲೆಗಳ ಗಿಲ್ಡ್‌ಹಾಲ್, ಇಂದಿಗೂ ನಿಂತಿದೆ. ಅಷ್ಟರಲ್ಲಿ ಡಚ್ ನಿರಾಶ್ರಿತ ನೇಕಾರರು ಹತ್ತಿರದ ಕೋಲ್‌ಚೆಸ್ಟರ್‌ಗೆ ಬಂದು ಹಗುರವಾದ, ಅಗ್ಗದ ಬಟ್ಟೆ ನೇಯತೊಡಗಿದರು. ಲ್ಯಾವೆನಮ್‌ನ ವ್ಯಾಪಾರ ಬಿತ್ತು. ಬೇರೆ ಊರುಗಳ ಅನುಕೂಲಸ್ಥರು ಮುಂದಿನ ಶತಮಾನಗಳಲ್ಲಿ ಮರದ ಮನೆಗಳನ್ನು ಕೆಡವಿ ಇಟ್ಟಿಗೆಯವನ್ನು ಕಟ್ಟಿದರು, ಇಲ್ಲವೇ ಹಳೆಯ ಮನೆಗೆ ಇಟ್ಟಿಗೆಯ ಹೊಸ ಮುಖ ಹಚ್ಚಿದರು. ಇಲ್ಲಿಯವರಿಗೆ ಅದಕ್ಕೆ ದುಡ್ಡಿರಲಿಲ್ಲ. ಹಾಗಾಗಿ ಟ್ಯೂಡರ್ ಕಾಲದ ಊರೇ ಉಳಿಯಿತು. ಇಂದು 300ಕ್ಕೂ ಹೆಚ್ಚು ಕಟ್ಟಡಗಳು ಸಂರಕ್ಷಿತ ಪಟ್ಟಿಯಲ್ಲಿವೆ. ಸಿರಿ ಕಟ್ಟಿಕೊಟ್ಟದ್ದನ್ನು ಬಡತನ ಕಾಯ್ದುಕೊಂಡಿತು. ಅಂದಹಾಗೆ, ಹ್ಯಾರಿ ಪಾಟರ್‌ನ ಕೊನೆಯ ಕಂತಿನ ಮೊದಲ ಭಾಗಕ್ಕೆ ಕ್ಯಾಮೆರಾದವರು ಬಂದದ್ದು ಈ ಊರಿಗೆ. ಇಲ್ಲಿ ಒಂದು ಮಗುವೂ ನಿಲುವಂಗಿ ತೊಟ್ಟಿರಲಿಲ್ಲ.

ಆಮೇಲೆ ಹೋದ ವೆಲ್ಸ್ ಎಂಬ ಊರಿಗೂ ರೈಲಿಲ್ಲ, ಬಾತ್‌ನಿಂದ ಬಸ್ಸು. ಹನ್ನೆರಡು ಸಾವಿರದಷ್ಟು ಜನರ ಈ ಊರು ಮಹಾಮಂದಿರ ಇರುವುದರಿಂದ 'ನಗರ' ಅನ್ನಿಸಿಕೊಂಡಿದೆ. ಬುಗ್ಗೆಯ ತಿಳಿನೀರು ಮುಖ್ಯ ಬೀದಿಯ ಅಂಚಿನ ಕಾಲುವೆಯಲ್ಲಿ ಹರಿಯುತ್ತದೆ. ಬಿಷಪ್ಪರ ಅರಮನೆಯ ಕಂದಕದ ಹಂಸಗಳು ಹಸಿವಾದಾಗ ಕೊಕ್ಕಿನಿಂದ ಹಗ್ಗ ಎಳೆದು ಗಂಟೆ ಬಾರಿಸುತ್ತವೆ.

ನಾನು ನೋಡಲು ಹೋದದ್ದು ವಿಕರ್ಸ್ ಕ್ಲೋಸ್ ಎಂಬ ಒಂದು ಬೀದಿಯನ್ನು. ಮಹಾಮಂದಿರದ ಗಾಯಕ ಪಾದ್ರಿಗಳು ಊರಿನಲ್ಲಿ ಚದುರಿ ಬದುಕಿದರೆ ದಾರಿ ತಪ್ಪುತ್ತಾರೆಂದು, 14ನೇ ಶತಮಾನದ ಬಿಷಪ್ ಶ್ರೂಸ್‌ಬರಿಯ ರಾಲ್ಫ್ ಅವರಿಗೆಲ್ಲ ಒಂದೇ ಕಡೆ ಮನೆ ಕಟ್ಟಿಸಿಕೊಟ್ಟ. ಎರಡು ಸಾಲು ಕಲ್ಲಿನ ಮನೆಗಳು, ಎತ್ತರದ ಚಿಮಣಿಗಳು, ತುದಿಯಲ್ಲಿ ಪುಟ್ಟ ಪ್ರಾರ್ಥನಾ ಮಂದಿರ. ಆಗ ಇದ್ದದ್ದು ಒಂಟಿ ಗಂಡಸರ 42 ಮನೆ, ಈಗ 27. ಧರ್ಮಸುಧಾರಣೆಯ ನಂತರ ಪಾದ್ರಿಗಳು ಮದುವೆಯಾಗಬಹುದು ಎಂದಾಯಿತು. ಹೆಂಡತಿ ಮಕ್ಕಳಿಗೆ ಜಾಗ ಬೇಕಲ್ಲ, ನಡುಗೋಡೆ ಒಡೆದು ಎರಡು ಮನೆಯನ್ನು ಒಂದು ಮಾಡಿಕೊಂಡರು. ಮಹಾಮಂದಿರದ ಗಾಯಕವೃಂದದವರು ಇವತ್ತಿಗೂ ಇಲ್ಲಿ ಸಂಸಾರ ಹೂಡಿದ್ದಾರೆ.

ಮಂದಿರದ ಕಡೆಯಿಂದ ನೋಡಿದಾಗ ಬೀದಿ ಬಹಳ ಉದ್ದವಾಗಿ ಕಂಡಿತು. ನಡೆದರೆ ಬೇಗ ಮುಗಿಯಿತು. ತುದಿಯಿಂದ ಹಿಂತಿರುಗಿ ನೋಡಿದರೆ ಅದೇ ಬೀದಿ ಮೊಟಕು! ಮೇಲಿನ ತುದಿಯಲ್ಲಿ ಅಗಲವನ್ನು ಸುಮಾರು ಮೂರು ಮೀಟರ್ ಕಡಿಮೆ ಮಾಡಿರುವುದರ ಚಮತ್ಕಾರ ಅದು. ಗೊತ್ತಾದ ಮೇಲೂ ಕಣ್ಣು ಮತ್ತೆ ಮೋಸಹೋಗುತ್ತದೆ. ಅತ್ತಿಂದಿತ್ತ ನಡೆಯುವ ನಮ್ಮನ್ನು ಕಂಡು ಒಂದು ಮನೆಯ ಅಜ್ಜಿ ಕಿಟಕಿಯಿಂದಲೇ ನಕ್ಕರು. ಬೀದಿಯ ಬುಡದಿಂದ ಮಂದಿರಕ್ಕೆ ರಸ್ತೆಯ ಮೇಲೆ ಹಾಯುವ ಮುಚ್ಚಿದ ಸೇತುವೆಯನ್ನು 1459ರ ಹೊತ್ತಿಗೆ ಕಟ್ಟಿದರು. ಗಾಯಕರು ನೆಲಕ್ಕೆ ಕಾಲಿಡದೆ ಮನೆಯಿಂದ ಪ್ರಾರ್ಥನೆಗೆ, ಪ್ರಾರ್ಥನೆಯಿಂದ ಮನೆಗೆ. ಬಿಷಪ್ಪರಿಗೆ ಅವರ ಮೇಲೆ ಎಷ್ಟು ನಂಬಿಕೆಯಿತ್ತು ಎಂಬುದಕ್ಕೆ ಈ ಸೇತುವೆಯೇ ಸಾಕ್ಷಿ.

ಮಂದಿರದೊಳಗೆ ಕಾಲಿಟ್ಟವರೆಲ್ಲ ಒಂದು ಕ್ಷಣ ನಿಲ್ಲುತ್ತಾರೆ. ಒಂದು ಭಾರಿ ಕಮಾನು, ಅದರ ನೆತ್ತಿಯ ಮೇಲೆ ತಲೆಕೆಳಗಾದ ಇನ್ನೊಂದು ಕಮಾನು, ಎರಡೂ ಕೂಡಿ ಕತ್ತರಿಯ ಆಕಾರ. ನಿನ್ನೆ ಮೊನ್ನೆಯ ವಾಸ್ತುಶಿಲ್ಪಿಯ ಕಲ್ಪನೆ ಅನ್ನಿಸುತ್ತದೆ. ಇದು ರಿಪೇರಿ ಕೆಲಸ! ನಡುಗೋಪುರವನ್ನು ಎತ್ತರಿಸಿದಾಗ ಭಾರಕ್ಕೆ ಅಡಿಪಾಯ ಕುಸಿಯತೊಡಗಿತು. 1338ರಿಂದ 1348ರೊಳಗೆ ವಿಲಿಯಂ ಜಾಯ್ ಎಂಬ ಮೇಸ್ತ್ರಿ ಈ ಕತ್ತರಿ ಕಮಾನುಗಳನ್ನು ಕೊಟ್ಟು ನಿಲ್ಲಿಸಿದ. ಗೋಪುರ ಅಲ್ಲಿಂದ ಕದಲಿಲ್ಲ. ಪಕ್ಕದಲ್ಲೇ 1390ರ ಸುಮಾರಿನ ಗಡಿಯಾರ. ಫಲಕದ ನಡುವೆ ಭೂಮಿ ಇದೆ, ಸೂರ್ಯ ಅದನ್ನು ಸುತ್ತುತ್ತಾನೆ. ಕಾಲು ಗಂಟೆಗೊಮ್ಮೆ ಕುದುರೆ ಸವಾರರು ಹೊರಬಂದು ಈಟಿ ಹಿಡಿದು ಸುತ್ತುತ್ತಾರೆ, ಪ್ರತಿ ಸಲವೂ ಅದೇ ಒಬ್ಬ ಬಡಪಾಯಿ ಪೆಟ್ಟು ತಿಂದು ಹಿಂದಕ್ಕೆ ವಾಲುತ್ತಾನೆ.

ಇಷ್ಟೆಲ್ಲ ಸೊಟ್ಟ ಬೀದಿ ಸುತ್ತಿ ಬಾತ್‌ಗೆ ಬಂದರೆ ಎಲ್ಲವೂ ಅಳತೆಗೋಲು ಹಿಡಿದು ಮಾಡಿದ್ದು. ಜೇನಿನ ಬಣ್ಣದ ಸುಣ್ಣಕಲ್ಲು, ಸಮನಾದ ಕಿಟಕಿ, ಸಮನಾದ ಕಂಬ. ನೆಲದಿಂದ ಸುಮಾರು 46 ಡಿಗ್ರಿಯ ಬಿಸಿನೀರು ದಿನಕ್ಕೆ ಹತ್ತು ಲಕ್ಷ ಲೀಟರಿಗೂ ಹೆಚ್ಚು ಉಕ್ಕುವ ಊರು ಇದು. ರೋಮನ್ನರು ಸ್ನಾನಘಟ್ಟ ಕಟ್ಟಿದರು. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಸಿರಿವಂತರು ಸ್ನಾನದ ನೆಪದಲ್ಲಿ ಕುಣಿತ, ಜೂಜು, ಸಂಬಂಧ ಕುದುರಿಸಲು ಬಂದರು. ಅವರಿಗೆ ಬಾಡಿಗೆ ಮನೆ ಬೇಕಿತ್ತು. ರಾಲ್ಫ್ ಆಲೆನ್ ಎಂಬ ಅಂಚೆ ಅಧಿಕಾರಿ ಊರ ಪಕ್ಕದ ಕಲ್ಲುಗಣಿಗಳನ್ನು ಕೊಂಡಿದ್ದ, ಕಲ್ಲು ಮಾರಬೇಕಿತ್ತು. ಜಾನ್ ವುಡ್ ಎಂಬ ವಾಸ್ತುಶಿಲ್ಪಿಯ ತಲೆಯಲ್ಲಿ ರೋಮ್ ಇತ್ತು, ಸ್ಟೋನ್‌ಹೆಂಜ್ ಇತ್ತು. ಮೂವರ ಅಗತ್ಯವೂ ಕೂಡಿಬಂದದ್ದೇ ಇಂದಿನ ಬಾತ್.

ವುಡ್‌ನ 'ಸರ್ಕಸ್' ಎಂದರೆ ದುಂಡನೆಯ ಬೀದಿ. 33 ಮನೆಗಳು ಮೂರು ತುಂಡಾಗಿ ಒಂದು ವೃತ್ತವನ್ನು ಬಳಸಿವೆ. ಮೂರು ದಾರಿಗಳಲ್ಲಿ ಯಾವುದರಿಂದ ಒಳಬಂದರೂ ಎದುರಿಗೆ ಮನೆಗಳ ಕಮಾನೇ ಕಾಣುತ್ತದೆ. ಕೆಳಗೆ ಡೋರಿಕ್, ನಡುವೆ ಅಯಾನಿಕ್, ಮೇಲೆ ಕೊರಿಂಥಿಯನ್ ಕಂಬಗಳು. ಕೆಳಸಾಲಿನ ಮೇಲಿನ ಪಟ್ಟಿಯಲ್ಲಿ ಹಾವು, ವಾದ್ಯ, ಹಡಗು ಎಂದು 500ಕ್ಕೂ ಹೆಚ್ಚು ಚಿತ್ರಗಳ ಕೆತ್ತನೆ. 1754ರಲ್ಲಿ ಕೆಲಸ ಶುರುವಾಗುತ್ತಲೇ ವುಡ್ ತೀರಿಕೊಂಡ. ಅದೇ ಹೆಸರಿನ ಮಗ ಮುಗಿಸಿದ. 17ನೇ ನಂಬರಿನಲ್ಲಿ ಚಿತ್ರಕಾರ ಗೇನ್ಸ್‌ಬರೊ ಇದ್ದ. 14ರಲ್ಲಿ ಪ್ಲಾಸಿಯ ರಾಬರ್ಟ್ ಕ್ಲೈವ್. ಆ ಬಾಗಿಲ ಮುಂದೆ ನಿಂತಾಗ, ಈ ಊರಿಗೆ ಹರಿದ ಹಣದಲ್ಲಿ ಬಂಗಾಳದ ಪಾಲೆಷ್ಟು ಎಂದು ಮನಸ್ಸು ಲೆಕ್ಕ ಹಾಕದೆ ಇರುವುದಿಲ್ಲ.

ಅಲ್ಲಿಂದ ನಡೆದರೆ ರಾಯಲ್ ಕ್ರೆಸೆಂಟ್. ದೊಡ್ಡ ಹುಲ್ಲುಹಾಸಿನ ಮುಂದೆ 30 ಮನೆಗಳು, 114 ಕಂಬಗಳು, ಒಂದೂವರೆ ನೂರು ಮೀಟರ್ ಉದ್ದಕ್ಕೆ ಅರ್ಧಚಂದ್ರಾಕಾರದಲ್ಲಿ ಬಾಗಿ ನಿಂತಿವೆ. ಮಗ ವುಡ್ 1767ರಲ್ಲಿ ಶುರು ಮಾಡಿ ಎಂಟು ವರ್ಷದಲ್ಲಿ ಮುಗಿಸಿದ. ಒಂದೇ ಅರಮನೆ ಎನ್ನುವ ಭ್ರಮೆ. ಸೊಸೆ ಕೈಹಿಡಿದು ಹಿಂಬದಿಯ ಓಣಿಗೆ ಕರೆದೊಯ್ದಳು. ನೋಡಿದರೆ ನಗು ಬಂತು. ಒಂದು ಮನೆ ಎತ್ತರ, ಒಂದು ಗಿಡ್ಡ. ಒಂದು ಉಬ್ಬಿದೆ, ಇನ್ನೊಂದು ಒಳಸರಿದಿದೆ. ಅಡ್ಡಾದಿಡ್ಡಿ ಕಿಟಕಿ, ಕೊಳವೆ, ಮಾಡು. ವುಡ್ ವಿನ್ಯಾಸ ಮಾಡಿದ್ದು ಮುಖವನ್ನಷ್ಟೇ. ಕೊಂಡವರು ಮುಖದ ಇಷ್ಟು ಅಡಿ ಎಂದು ಕೊಂಡು, ಅದರ ಹಿಂದೆ ತಮ್ಮ ತಮ್ಮ ಮೇಸ್ತ್ರಿಯಿಂದ ತಮಗೆ ಬೇಕಾದ ಮನೆ ಕಟ್ಟಿಸಿಕೊಂಡರು. ಶ್ಯಾಂಬಲ್ಸ್ ತನ್ನ ಸೊಟ್ಟನ್ನು ಮುಂದಿಟ್ಟುಕೊಂಡಿದೆ, ಬಾತ್ ಹಿಂದಿಟ್ಟುಕೊಂಡಿದೆ.

1942ರ ಏಪ್ರಿಲ್‌ನಲ್ಲಿ ಜರ್ಮನ್ ವಿಮಾನಗಳು ಇಂಥ ಊರುಗಳನ್ನೇ ಆರಿಸಿ ಬಾಂಬು ಹಾಕಿದವು. ಬಾತ್‌ನಲ್ಲಿ 400ಕ್ಕೂ ಹೆಚ್ಚು ಜನ ಸತ್ತರು. ಕ್ರೆಸೆಂಟಿನ ಎರಡು ಮನೆಗಳು ಒಳಗಿಂದ ಸುಟ್ಟುಹೋದವು. ಕೆಲವೇ ದಿನಗಳಲ್ಲಿ ಯಾರ್ಕಿಗೂ ಅದೇ ಗತಿ. ಯುದ್ಧ ಮುಗಿದ ಮೇಲೆ ಊರಿನವರೇ ಅಭಿವೃದ್ಧಿಯ ಹೆಸರಿನಲ್ಲಿ ಬಾತ್‌ನ ಬಡವರ ಹಳೆ ಮನೆಗಳನ್ನು ಸಾಲುಸಾಲಾಗಿ ಕೆಡವಿದರು. ಆಡಮ್ ಫರ್ಗ್ಯೂಸನ್ 1973ರಲ್ಲಿ 'ದಿ ಸ್ಯಾಕ್ ಆಫ್ ಬಾತ್' ಪುಸ್ತಕ ಬರೆದು ಕೂಗೆಬ್ಬಿಸಿದ. 1987ರಲ್ಲಿ ಊರು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಈಗ ನಿಯಮ ಎಷ್ಟು ಬಿಗಿಯೆಂದರೆ ಮನೆಯ ಮುಖಕ್ಕೆ ಬಣ್ಣ ಬಳಿಯಲೂ ಕೇಳಬೇಕು.

ಇಂಥ ನಿಯಮಕ್ಕೆ ಹಿಂದೆಯೇ ಒಬ್ಬ ಮಹಿಳೆ ಸವಾಲು ಹಾಕಿದ್ದರು. 1970ರ ದಶಕದಲ್ಲಿ ಕ್ರೆಸೆಂಟಿನ 22ನೇ ನಂಬರಿನ ಒಡತಿ ತಮ್ಮ ಬಾಗಿಲಿಗೆ ಹಳದಿ ಬಣ್ಣ ಹೊಡೆಸಿದರು. ಉಳಿದ ಬಾಗಿಲುಗಳೆಲ್ಲ ಬಿಳಿ. ನಗರಸಭೆ ಬಿಳಿ ಹೊಡೆಯಿರಿ ಎಂದು ನೋಟಿಸು ಕೊಟ್ಟಿತು, ಅವರು ಆಗದು ಎಂದರು. ವಿಚಾರಣೆ ನಡೆದು, ದೂರು ಮಂತ್ರಿಯವರೆಗೆ ಹೋಗಿ, ತೀರ್ಪು ಅವರ ಪರವಾಗಿ ಬಂತು. ನೀವು ಬಾತ್‌ಗೆ ಹೋದರೆ ಕ್ರೆಸೆಂಟಿನ ಉದ್ದಕ್ಕೂ ನಡೆಯಿರಿ, ಆ ಬಾಗಿಲನ್ನು ಹುಡುಕಿ. ಆಮೇಲೆ ಮರೆಯದೆ ಹಿಂಬದಿಯ ಓಣಿಗೂ ಹೋಗಿ ಬನ್ನಿ.